ಒಂದು ಗಂಟೆಯ ಗೀರು

ಗುಡೇಮಾರನಹಳ್ಳಿಯಲ್ಲಿ ಕರೆಂಟು ಹೋದಾಗಲೆಲ್ಲ ಜನ ಬಂದು ಮುನಿಯಪ್ಪನ ಮನೆ ಬಾಗಿಲು ತಟ್ಟುತ್ತಿದ್ದರು. ಅವನನ್ನು ಊರವರು 'ಲೈನ್ ಮುನಿಯಪ್ಪ' ಎಂದು ಕರೆಯುತ್ತಿದ್ದದ್ದೇ ಇದಕ್ಕೆ ಕಾರಣ. ತಾನು ಕಂಬದ ಲೈನಿನವನಲ್ಲ, ನೆಲದೊಳಗಿನ ಲೈನಿನವನು ಎಂದು ಅವನು ಮೊದಮೊದಲು ಬಿಡಿಸಿ ಹೇಳಿದ. ಆಮೇಲೆ ಹೇಳುವುದನ್ನು ಬಿಟ್ಟು, ತಾನೇ ಮಾಗಡಿಯ ಕರೆಂಟ್ ಆಫೀಸಿಗೆ ಫೋನ್ ಮಾಡತೊಡಗಿದ. ಅದೇ ಸುಲಭವಾಗಿತ್ತು.

ನೆಲದೊಳಗಿನ ಲೈನ್ ಎಂದರೆ ಕರಾವಳಿಯಿಂದ ಬೆಂಗಳೂರಿನ ಕಡೆಗೆ ಪೆಟ್ರೋಲು, ಡೀಸೆಲ್ಲು ಹೊತ್ತು ಹೋಗುವ ಉಕ್ಕಿನ ಕೊಳವೆ. ಹೊಲಗಳ ಕೆಳಗೆ ಎದೆಯುದ್ದದ ಆಳದಲ್ಲಿ ಅದನ್ನು ಹೂತು, ಮೇಲೆ ಮಣ್ಣು ಮುಚ್ಚಿ, ಅಲ್ಲಲ್ಲಿ ಹಳದಿ ಕಲ್ಲು ನೆಟ್ಟು ಹೋಗಿದ್ದರು. ಕಲ್ಲಿನ ಮೇಲೆ 'ಇಲ್ಲಿ ಅಗೆಯಬಾರದು' ಎಂದು ಬರೆದಿತ್ತು. ಅಗೆಯುತ್ತಾರೋ ಇಲ್ಲವೋ ಎಂದು ನೋಡುವುದಕ್ಕೆ ಮುನಿಯಪ್ಪನನ್ನು ನೇಮಿಸಿದ್ದರು. 2001ರಿಂದ ಅವನು ದಿನವೂ ಹಳ್ಳದ ಸೇತುವೆಯಿಂದ ಮಾಗಡಿ ರಸ್ತೆಯವರೆಗೆ ಎಂಟು ಕಿಲೋಮೀಟರ್ ನಡೆಯುತ್ತಿದ್ದ. ಕಿತ್ತಳೆ ಬಣ್ಣದ ಕೋಟು, ಒಂದು ಕೋಲು, ಒಂದು ಮಚ್ಚು, ಒಂದು ನೋಟ್‌ಬುಕ್ಕು. ಯಾರಾದರೂ ಗುಂಡಿ ತೋಡಿದ್ದಾರೆಯೇ, ಕೊಳವೆಯ ಮೇಲೆ ಮರ ನೆಟ್ಟಿದ್ದಾರೆಯೇ, ಎಲ್ಲಾದರೂ ಹುಲ್ಲು ಸುಮ್ಮಸುಮ್ಮನೆ ಒಣಗಿದೆಯೇ, ಎಣ್ಣೆಯ ವಾಸನೆ ಇದೆಯೇ ಎಂದು ನೋಡಬೇಕು, ಮೂಸಬೇಕು. ಮಧ್ಯಾಹ್ನ ದಾರಿಯಂಚಿನ ಹೊಂಗೆ ಮರದ ನೆರಳಲ್ಲಿ ಕೂತು ಮುದ್ದೆ ಉಣ್ಣಬೇಕು. ಸಂಜೆ, ಎಣ್ಣೆಯ ಹರಿವನ್ನು ತಡೆದು ಬಿಡುವ ವಾಲ್ವ್ ಸ್ಟೇಷನ್ನಿನಲ್ಲಿ ಸೂಪರ್‌ವೈಸರ್ ಖಾಸಿಂ ಸಾಹೇಬರ ಮೇಜಿನ ಮೇಲೆ ನೋಟ್‌ಬುಕ್ಕು ಇಡಬೇಕು. ಪ್ರತಿದಿನದ ಪುಟದಲ್ಲೂ 'ಎಲ್ಲ ಸರಿ ಇದೆ' ಎಂದು ಬರೆದಿರುತ್ತಿತ್ತು. ಖಾಸಿಂ ಸಾಹೇಬರು ರಾಮನಗರದವರು, ರೇಷ್ಮೆ ನೂಲು ಬಿಚ್ಚುವ ಮನೆತನ. ಎಳೆ ತುಂಡಾಗದಿದ್ದರೆ ಅವರಿಗೆ ಸಮಾಧಾನ. ಓದಿ ಸಹಿ ಹಾಕುತ್ತಿದ್ದರು.

ಎರಡು ವರ್ಷ ಎಲ್ಲವೂ ನಿಜವಾಗಿಯೂ ಸರಿ ಇತ್ತು.

ಆ ಹೊತ್ತಿಗೆ ಬಿಡದಿಯ ಸುತ್ತ ಕಾರ್ಖಾನೆಗಳು ಏಳುತ್ತಿದ್ದವು. ಕಾರ್ಖಾನೆಗೆ ನೆಲ ಮಟ್ಟ ಮಾಡಬೇಕು, ನೆಲಕ್ಕೆ ಜೆಸಿಬಿ ಬೇಕು. ಮುನಿಯಪ್ಪನ ಹೆಂಡತಿ ಚಿಕ್ಕಲಕ್ಷ್ಮಮ್ಮನ ತಮ್ಮ ಜಯಕುಮಾರ್ ಒಂದು ಜೆಸಿಬಿ ತಂದ. ವಾರವೆಲ್ಲ ಬಿಡದಿಯಲ್ಲಿ ದುಡಿದು, ಭಾನುವಾರ ಊರಿಗೆ ಓಡಿಸಿಕೊಂಡು ಬರುತ್ತಿದ್ದ. ಭಾನುವಾರವೂ ಅವನಿಗೆ ಕೈ ಸುಮ್ಮನಿರುತ್ತಿರಲಿಲ್ಲ. 2003ರ ಡಿಸೆಂಬರಿನಲ್ಲಿ, ರಾಗಿ ಕುಯ್ಲು ಮುಗಿದ ಮೇಲೆ, ಬೋರಿನ ನೀರನ್ನು ಹೊಲದ ಆಚೆ ಬದಿಗೆ ಒಯ್ಯಲು ಕಾಲುವೆ ತೋಡಲು ಶುರುಮಾಡಿದ. ಹೊಲದ ನಡುವೆ ಕೊಳವೆ ಹಾದುಹೋಗಿತ್ತು. ಹಳದಿ ಕಲ್ಲೂ ಇತ್ತು. ಜೆಸಿಬಿ ತಿರುಗಿಸಲು ಅಡ್ಡಿಯಾಗುತ್ತದೆಂದು ಅದನ್ನು ಕಿತ್ತು ಬದುವಿನ ಮೇಲೆ ಒರಗಿಸಿದ್ದ.

ಮುನಿಯಪ್ಪ ಅಲ್ಲಿಗೆ ತಲುಪಿದಾಗ ಹನ್ನೊಂದೂಕಾಲು. ಹನ್ನೊಂದರ ಬಸ್ಸು ತಡವಾಗಿ ಬಂದು ಆಗಷ್ಟೇ ಹೋಗಿತ್ತು, ಹಾಗಾಗಿ ಹೊತ್ತು ಅವನಿಗೆ ಚೆನ್ನಾಗಿ ನೆನಪಿದೆ. ಜಯಕುಮಾರ್ ಗುಂಡಿಯ ಅಂಚಿನಲ್ಲಿ ನಿಂತು ಒಳಗೆ ನೋಡುತ್ತಿದ್ದ. ಕೊಳವೆಯ ಕಪ್ಪು ಹೊದಿಕೆ ಗೇಣುದ್ದ ಹರಿದಿತ್ತು. ಅದರಡಿಯಲ್ಲಿ ಉಕ್ಕಿನ ಮೇಲೆ ಬಕೆಟ್ಟಿನ ಹಲ್ಲು ಎಳೆದ ಗೀರು ಬೆಳ್ಳಗೆ ಹೊಳೆಯುತ್ತಿತ್ತು.

"ಏನೂ ಆಗಿಲ್ಲ ಕಣ್ ಭಾವ. ಒಸಿ ತರಚ್ಕೊಂಡೈತೆ, ಅಷ್ಟೇಯ."

"ತರಚ್ಕಳಾಕೆ ಅದೇನ್ ಮಂಡಿಯೇನ್ಲಾ?"

"ವಾಸ್ನೆ ಬತ್ತೈತಾ? ಇಲ್ಲ ತಾನೆ? ಮುಚ್ಬುಡಾನ."

"ಬರೀಬೇಕು ಕಣ್ಲಾ. ನನ್ನ ಇಟ್ಕೊಂಡಿರಾದೇ ಅದ್ಕೆ."

"ಬರುದ್ರೆ ನನ್ನ ಮ್ಯಾಲೆ ಕೇಸ್ ಆಯ್ತದೆ. ಗಾಡಿ ಎಳ್ಕೊಂಡ್ ಓಯ್ತಾರೆ. ಅಕ್ಕುಂಗೆ ಏನಂತ ಯೋಳ್ತೀಯಾ?"

ಮುನಿಯಪ್ಪ ಗುಂಡಿಗೆ ಇಳಿದ. ಮೂಗನ್ನು ಕೊಳವೆಗೆ ತಾಗಿಸಿ ಮೂಸಿದ. ಹಸಿ ಮಣ್ಣಿನ ವಾಸನೆ ಬಿಟ್ಟು ಬೇರೇನೂ ಇರಲಿಲ್ಲ. ಬೆರಳಾಡಿಸಿದ. ಗೀರು ಉಗುರಿಗೆ ಸಿಗುತ್ತಿತ್ತು. ಮೇಲೆ ಹತ್ತಿ ಬಂದು ಕೈಯ ಮಣ್ಣು ಒರೆಸಿಕೊಂಡು ಪಕ್ಕಕ್ಕೆ ಸರಿದು ನಿಂತ. ಭಾಮೈದ ಮಣ್ಣು ಮುಚ್ಚಿದ. ಕಿತ್ತಿದ್ದ ಹಳದಿ ಕಲ್ಲನ್ನು ಇಬ್ಬರೂ ಸೇರಿ ಮತ್ತೆ ನೆಟ್ಟರು. ಆ ಸಂಜೆ ಮುನಿಯಪ್ಪ ನೋಟ್‌ಬುಕ್ಕಿನಲ್ಲಿ 'ಎಲ್ಲ ಸರಿ ಇದೆ' ಎಂದು ಬರೆದ. ಖಾಸಿಂ ಸಾಹೇಬರು ಸಹಿ ಹಾಕಿದರು.

ಅಂದಿನಿಂದ ಆ ಜಾಗ ಮುನಿಯಪ್ಪನನ್ನು ಬಿಡಲಿಲ್ಲ. ಗುರುತು ತಪ್ಪದಿರಲೆಂದು ಗೀರಿನ ನೇರ ಮೇಲೆ ಒಂದು ಗುಂಡುಕಲ್ಲು ತಂದಿಟ್ಟ. ದಿನವೂ ಅಲ್ಲಿ ನಿಲ್ಲುತ್ತಿದ್ದ. ಅತ್ತಿತ್ತ ನೋಡಿ, ಚಪ್ಪಲಿ ಬಿಟ್ಟು, ಮಂಡಿಯೂರಿ, ಮೂಗನ್ನು ನೆಲದವರೆಗೆ ತಂದು ಮೂಸುತ್ತಿದ್ದ. ಚಪ್ಪಲಿ ಬಿಡುತ್ತಿದ್ದದ್ದು ಅದರ ಮೊಳೆ ಕಿಡಿ ಹಾರಿಸೀತೆಂಬ ಭಯಕ್ಕೆ. ಅಲ್ಲೇ ಎಮ್ಮೆ ಮೇಯಿಸುತ್ತಿದ್ದ ಮುನಿಯಮ್ಮ ಎಂಬ ಮುದುಕಿಗೆ ಇದು ತಿಳಿಯದು. ದಿನವೂ ಕಲ್ಲಿನ ಮುಂದೆ ಚಪ್ಪಲಿ ಬಿಟ್ಟು ಅಡ್ಡಬೀಳುವ ಗಂಡಸನ್ನು ಆರು ತಿಂಗಳು ನೋಡಿ, ಏಳನೆಯ ತಿಂಗಳು ಅವಳು ಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿದಳು. ಬೇಡವೆಂದರೆ ಯಾಕೆಂದು ಹೇಳಬೇಕಿತ್ತು. ಮುನಿಯಪ್ಪ ಸುಮ್ಮನಾದ.

ಕಾರ್ತಿಕದಲ್ಲಿ ಅವಳು ದೀಪ ತಂದಳು.

"ಬ್ಯಾಡ ಕಣವ್ವ! ಈ ದೇವ್ರಿಗೆ ದೀಪ ಆಗಾಕಿಲ್ಲ."

"ದೀಪ ಒಲ್ಲದ ದೇವ್ರು ಎಲ್ಲೈತಪ್ಪ?"

"ಇಲ್ಲೈತೆ. ಊದಿನಕಡ್ಡೀನೂ ಆಗಾಕಿಲ್ಲ. ಕರ್ಪೂರ ಅಂತೂ ಮುಟ್ಸಂಗೇ ಇಲ್ಲ."

ಮುನಿಯಮ್ಮ ಅದನ್ನು ನಂಬಿದಳು. ದಿನಾ ಅಡ್ಡಬೀಳುವವನಿಗೆ ಗೊತ್ತಿರದೆ ಇನ್ಯಾರಿಗೆ ಗೊತ್ತಿರುತ್ತದೆ? ದೀಪ ಒಲ್ಲದ ದೇವರೆಂದು ಸುತ್ತಲಿನ ನಾಲ್ಕು ಹೊಲದವರಿಗೆ ಸುದ್ದಿ ಹೋಯಿತು. ಹೂವು, ಹಣ್ಣು, ಒಮ್ಮೆ ಒಂದು ಕೋಳಿ ಬಂದವು. ಬೆಂಕಿ ಬರಲಿಲ್ಲ. ಜಯಕುಮಾರ್ ಮಾತ್ರ ಆ ಕಡೆ ತಲೆ ಹಾಕುತ್ತಿರಲಿಲ್ಲ. ಅವನ ಬೋರಿನ ನೀರು ಇನ್ನೊಂದು ಸುತ್ತು ಹಾಕಿಕೊಂಡು ಹೋಗುತ್ತಿತ್ತು.

ಹೀಗೆ ನಾಲ್ಕು ವರ್ಷ ಹತ್ತಿರ ಬಂತು. 2007ರ ಮಳೆಗಾಲ ಮುಗಿಯುತ್ತಿರುವಾಗ ವಾಲ್ವ್ ಸ್ಟೇಷನ್ನಿಗೆ ಪ್ರತಿಮಾ ಎಂಬ ಇಂಜಿನಿಯರ್ ಬಂದಳು. ಕನಕಪುರದವಳು, ಮೂವತ್ತು ದಾಟಿರಲಿಲ್ಲ. ಲೈನಿನಲ್ಲಿ ನಡೆಯುವ ಆರು ಜನರನ್ನೂ ಕೂರಿಸಿಕೊಂಡು, ಇನ್ನು ಹದಿನೈದು ದಿನಕ್ಕೆ ಕೊಳವೆಯೊಳಗೆ ಒಂದು ಪಿಗ್ ಬಿಡುತ್ತೇವೆ ಎಂದಳು.

ಪಿಗ್ ಎಂದರೆ ಹಂದಿ ಎಂದು ಆರರಲ್ಲಿ ಇಬ್ಬರಿಗೆ ಗೊತ್ತಿತ್ತು. ಒಳಗೆ ಉಸಿರು ಹೇಗಾಡುತ್ತದೆ ಎಂದು ಒಬ್ಬ ಕೇಳಿದ. ಪ್ರತಿಮಾ ನಗದೆ, ಅದು ಯಂತ್ರದ ಹೆಸರು ಎಂದು ಹೇಳಿ ಚಿತ್ರ ತೋರಿಸಿದಳು. ಕೊಳವೆಯೊಳಗೆ ಸರಿಯಾಗಿ ಕೂರುವಂತೆ ರಬ್ಬರಿನ ಬಟ್ಟಲುಗಳು, ಹಿಂದಿನಿಂದ ಎಣ್ಣೆ ತಳ್ಳುತ್ತದೆ, ಮನುಷ್ಯ ಬಿರುಸಾಗಿ ನಡೆಯುವ ವೇಗದಲ್ಲಿ ಮುಂದೆ ಹೋಗುತ್ತದೆ. ಮೈಸುತ್ತ ದೊಡ್ಡ ಅಯಸ್ಕಾಂತಗಳು. ಅವು ಹೋದಲ್ಲೆಲ್ಲ ಕೊಳವೆಯ ಗೋಡೆಯನ್ನೇ ಅಯಸ್ಕಾಂತ ಮಾಡುತ್ತವೆ.

"ಮಾಡಿದ್ರೆ ಏನಾಯ್ತದೆ ಮೇಡಂ?" ಎಂದ ಮುನಿಯಪ್ಪ.

"ನಿಮ್ಮ ಮಚ್ಚು ಕೊಡಿ, ತೋರಿಸ್ತೀನಿ."

ಬೇಲಿ ಸವರುವ ಮಚ್ಚು ಅದು, ಬಾಯಲ್ಲಿ ಒಂದು ಕಡೆ ಮುಕ್ಕಾಗಿತ್ತು. ಪ್ರತಿಮಾ ಅದರ ಎರಡು ತುದಿಗೂ ಒಂದೊಂದು ಅಯಸ್ಕಾಂತ ಅಂಟಿಸಿ, ಮೇಲೆ ಕಾಗದ ಹಾಸಿ, ಮಾಗಡಿಯ ಲೇತ್ ಅಂಗಡಿಯಿಂದ ತಂದಿದ್ದ ಕಬ್ಬಿಣದ ಪುಡಿ ಉದುರಿಸಿದಳು. ಬೆರಳಿನಿಂದ ಮೆಲ್ಲಗೆ ತಟ್ಟಿದಳು. ಪುಡಿ ಸರಿದು ಹೋಗಿ ಮುಕ್ಕಾದ ಕಡೆ ಗುಂಪಾಯಿತು. ಅಯಸ್ಕಾಂತದ ಬಲ ಉಕ್ಕಿನೊಳಗೇ ಹರಿಯಲು ನೋಡುತ್ತದೆ, ಉಕ್ಕು ಸವೆದ ಕಡೆ ಅದಕ್ಕೆ ಜಾಗ ಸಾಲದೆ ಹೊರಗೆ ಸೋರುತ್ತದೆ, ಆ ಸೋರಿಕೆಯನ್ನು ಯಂತ್ರ ಬರೆದುಕೊಳ್ಳುತ್ತದೆ ಎಂದಳು. ಮುಕ್ಕಿನಿಂದ ನಾಲ್ಕು ಬೆರಳು ಆಚೆ ಇನ್ನೊಂದು ಕಡೆಯೂ ಪುಡಿ ಕೂದಲೆಳೆಯಂತೆ ನಿಂತಿತ್ತು.

"ಅಲ್ಲೇನೂ ಇಲ್ವಲ್ಲ ಮೇಡಂ?"

"ಬಿರುಕಿದೆ. ಕಣ್ಣಿಗೆ ಕಾಣಲ್ಲ, ಅಷ್ಟೇ."

ಹನ್ನೆರಡು ವರ್ಷದಿಂದ ಬಳಸುತ್ತಿದ್ದ ಮಚ್ಚು. ಮುನಿಯಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿದ.

"ಮ್ಯಾಲೆ ಮಣ್ಣು ಮುಚ್ಚಿದ್ರೆ?"

"ಯಂತ್ರ ಒಳಗಿಂದ ನೋಡೋದಲ್ವಾ? ಮಣ್ಣು ಮುಚ್ಚಿದರೂ ಒಂದೇ, ಮನೆ ಕಟ್ಟಿದರೂ ಒಂದೇ."

ಆ ದಿನ ಹೊಂಗೆ ಮರದಡಿ ಅವನು ಬುತ್ತಿ ಬಿಚ್ಚಲೇ ಇಲ್ಲ.

ಯಂತ್ರ ಹೋದ ದಿನ ಅವನಿಗೂ ಒಂದು ಕೆಲಸ ಕೊಟ್ಟಿದ್ದರು. ಕೊಳವೆಯ ನೇರ ಮೇಲೆ ಒಂದು ಪೆಟ್ಟಿಗೆ ಇಟ್ಟುಕೊಂಡು ಕೂರಬೇಕು. ಯಂತ್ರ ಕೆಳಗೆ ದಾಟಿದಾಗ ಪೆಟ್ಟಿಗೆಗೆ ಗೊತ್ತಾಗುತ್ತದೆ, ಹೊತ್ತನ್ನು ದಾಖಲಿಸುತ್ತದೆ. ಸಿಕ್ಕ ಹಾನಿ ಯಾವ ಹೊಲದ ಕೆಳಗಿದೆ ಎಂದು ಆಮೇಲೆ ಲೆಕ್ಕ ಹಾಕುವುದು ಇದರಿಂದಲೇ. ಹಂದಿ ಬರುತ್ತದೆಂದು ಊರಿನ ಹದಿನೈದು ಇಪ್ಪತ್ತು ಜನ ಬಂದು ಸುತ್ತ ಕೂತರು. ಮಧ್ಯಾಹ್ನ ಮೂರು ನಲವತ್ತಕ್ಕೆ ನೆಲದೊಳಗೆ, ದೂರದಲ್ಲಿ ಎತ್ತಿನ ಗಾಡಿ ಹೋದಂಥ ಸಣ್ಣ ಸದ್ದು ಬಂದು ಹೋಯಿತು. ಪೆಟ್ಟಿಗೆಯಲ್ಲಿ ಕೆಂಪು ದೀಪ ಹತ್ತಿತು.

"ಓಯ್ತಾ?"

"ಓಯ್ತು."

ಜನ ಇನ್ನೂ ಅರ್ಧ ಗಂಟೆ ಕಾದು, ಇನ್ನೇನೂ ಆಗದಿದ್ದುದರಿಂದ ಎದ್ದು ಹೋದರು. ಮುನಿಯಪ್ಪ ಮಾತ್ರ ಸದ್ದು ಹೋದ ದಿಕ್ಕಿಗೆ ನೋಡುತ್ತ ಕೂತಿದ್ದ. ಆ ದಿಕ್ಕಿನಲ್ಲಿ ಐನೂರು ಹೆಜ್ಜೆಗೆ ಭಾಮೈದನ ಹೊಲವಿತ್ತು.

ವರದಿ ಬರಲು ಎರಡು ತಿಂಗಳು ಬೇಕೆಂದಿದ್ದರು. ಆ ಎರಡು ತಿಂಗಳಲ್ಲಿ ಮುನಿಯಪ್ಪನ ಸೊಂಟದ ಸುತ್ತಳತೆ ಇಳಿದು, ಪಟ್ಟಿಗೆ ಹೊಸ ತೂತು ಮಾಡಿಸಬೇಕಾಯಿತು. ಒಂದು ಸಂಜೆ ಚಿಕ್ಕಲಕ್ಷ್ಮಮ್ಮ ಅವರೆಕಾಯಿ ಬಿಡಿಸುತ್ತ ಕೂತಿದ್ದಾಗ, ಪಕ್ಕದಲ್ಲಿ ಕೂತು ತಾನೂ ಒಂದು ಹಿಡಿ ಬಿಡಿಸಿ, ಎಲ್ಲವನ್ನೂ ಹೇಳಿಬಿಟ್ಟ. ಅವಳು ಕೈ ನಿಲ್ಲಿಸದೆ ಕೇಳಿಸಿಕೊಂಡಳು.

"ಅದ್ಕೇನಾ ಆ ಕಲ್ಲಿಗೆ ಅಡ್ಡಬೀಳ್ತಿದ್ದುದ್ದು?"

"ಮೂಸ್ತಿದ್ದೆ."

"ನಾನೂ ಓಗಿ ಎಲ್ಡು ಸತಿ ಕೈ ಮುಗ್ದಿವ್ನಿ."

ಅವಳು ಸಿಪ್ಪೆಯನ್ನೆಲ್ಲ ಒಟ್ಟು ಮಾಡಿದಳು. ಆಮೇಲೆ ಹೇಳಿದಳು: "ಅವ ನನ್ ತಮ್ಮ, ದಿಟ. ಕೇಸಾದ್ರೆ ನನ್ನೂ ಸೇರಿಸ್ಕೊಂಡು ಬಯ್ತಾನೆ. ಬಯ್ಲಿ. ಆ ಪೈಪಿನ ಮೇಲೆ ಊರೆಲ್ಲಾ ಓಡಾಡ್ತೈತೆ, ದಿನಾ ನೀವು ಓಡಾಡ್ತೀರ. ಓಗಿ ಯೋಳ್ಬುಡಿ."

ಮಾರನೆಯ ದಿನ ಅವನು ಹೇಳಲೆಂದೇ ವಾಲ್ವ್ ಸ್ಟೇಷನ್ನಿಗೆ ಹೋದ. ದಾರಿಯುದ್ದಕ್ಕೂ ಮಾತನ್ನು ಜೋಡಿಸಿಕೊಂಡಿದ್ದ. 'ಮೇಡಂ, ನನ್ನಿಂದ ಒಂದು ತಪ್ಪಾಗಿದೆ' ಎಂದು ಶುರುವಾಗುತ್ತಿತ್ತು. ಆದರೆ ಅವನು ಬಾಯಿ ತೆರೆಯುವ ಮೊದಲೇ ಪ್ರತಿಮಾ, "ಬನ್ನಿ ಮುನಿಯಪ್ಪನವರೇ, ವರದಿ ಬಂತು" ಎಂದು ಕಾಗದಗಳನ್ನು ಮುಂದಿಟ್ಟಳು. ಖಾಸಿಂ ಸಾಹೇಬರು ಬಟ್ಟಲಿಗೆ ಚಹಾ ಸುರಿದುಕೊಳ್ಳುತ್ತಿದ್ದರು.

"ನಿಮ್ಮ ದಾರಿಯಲ್ಲಿ ಎರಡು ಸಿಕ್ಕಿವೆ. ಮೊದಲನೆಯದು ಗೀರು. ಜೆಸಿಬಿ ಗೀರಿರಬೇಕು. ಒಂದು ಗಂಟೆಗೆ ಇದೆ."

ಮುನಿಯಪ್ಪನ ಜೋಡಿಸಿದ ಮಾತೆಲ್ಲ ಚೆದುರಿತು. ಇಷ್ಟು ಗೊತ್ತಿರುವ ಯಂತ್ರ ಹೊತ್ತನ್ನು ಮಾತ್ರ ತಪ್ಪು ಹೇಳಿದ್ದು ಅವನಿಗೆ ಸರಿ ಕಾಣಲಿಲ್ಲ.

"ಒಂದು ಗಂಟೆ ಅಲ್ಲ ಮೇಡಂ," ಎಂದ. "ಹನ್ನೊಂದೂಕಾಲು. ಬಸ್ಸು ಆಗ್ ತಾನೆ ಓಗಿತ್ತು."

ಖಾಸಿಂ ಸಾಹೇಬರು ಚಹಾದ ಬಟ್ಟಲನ್ನು ಕೆಳಗಿಟ್ಟರು. ಪ್ರತಿಮಾ ಕಾಗದದಿಂದ ತಲೆ ಎತ್ತಿದಳು.

"ಯಾವ ಬಸ್ಸು?"

ಮುನಿಯಪ್ಪ ಖಾಸಿಂ ಸಾಹೇಬರ ಮುಖ ನೋಡಿದ. ಆಮೇಲೆ ಅವಳೇ ಒಂದು ಹಾಳೆಯ ಮೇಲೆ ಸೊನ್ನೆ ಬರೆದು ವಿವರಿಸಿದಳು. ಎಣ್ಣೆ ಹರಿಯುವ ದಿಕ್ಕಿಗೆ ಮುಖ ಮಾಡಿ ನಿಂತು ಕೊಳವೆಯನ್ನು ಗಡಿಯಾರ ಅಂದುಕೊಂಡರೆ ಮೇಲ್ಭಾಗ ಹನ್ನೆರಡು, ತಳ ಆರು. ಒಂದು ಗಂಟೆ ಎಂದರೆ ನೆತ್ತಿಯಿಂದ ತುಸು ಬಲಕ್ಕೆ. ಅದು ಜಾಗ, ಹೊತ್ತಲ್ಲ.

ಮುನಿಯಪ್ಪ ಆ ಸೊನ್ನೆಯನ್ನು ನೋಡುತ್ತ ಕೂತ.

"ಅಂಗಾರೆ ಯಾವ್ ದಿನ, ಯಾರು ಗೀರಿದ್ರು ಅನ್ನಾದು ಆ ಮಿಸಿನ್ನಿಗೆ ಗೊತ್ತಾಗಾಕಿಲ್ವಾ?"

"ಗೊತ್ತಾಗಲ್ಲ."

"ನಾನೇ ಯೋಳ್ದಂಗಾಯ್ತು."

"ಹೌದು," ಎಂದಳು ಪ್ರತಿಮಾ. "ಉಳಿದದ್ದೂ ಹೇಳಿ."

ಹೇಳಿದ. ಗೀರಿದ್ದು ಭಾಮೈದ, ಮುಚ್ಚಿಟ್ಟದ್ದು ತಾನು, ನೋಟ್‌ಬುಕ್ಕಿನಲ್ಲಿ ಸುಳ್ಳು ಬರೆದದ್ದೂ ತಾನು. ಇವತ್ತು ಅದನ್ನೇ ಹೇಳಲು ಬಂದಿದ್ದೆ ಎಂದೂ ಸೇರಿಸಿದ, ಆದರೆ ಈಗ ಅದನ್ನು ಯಾರು ನಂಬುತ್ತಾರೆ ಎಂದು ಅವನಿಗೇ ಅನ್ನಿಸಿತು. ಖಾಸಿಂ ಸಾಹೇಬರು ಅವನ ನೋಟ್‌ಬುಕ್ಕನ್ನು ಎಳೆದುಕೊಂಡು ಹಾಳೆ ಮಗುಚಿದರು.

"ಸಾವಿರ ದಿನಕ್ಕಿಂತ ಹೆಚ್ಚು ಸಹಿ ಹಾಕಿದೀನಲ್ಲೋ ಮುನಿಯಪ್ಪಾ."

ಅವರು ಬೈದಿದ್ದರೆ ಅವನಿಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಪ್ರತಿಮಾ ಎರಡನೆಯ ಸಾಲಿಗೆ ಬೆರಳಿಟ್ಟಳು. ಗೀರು ಗೋಡೆಯ ದಪ್ಪದಲ್ಲಿ ನೂರಕ್ಕೆ ಹದಿಮೂರು ಪಾಲು ತಿಂದಿದೆ, ಉಜ್ಜಿ ನಯ ಮಾಡಿ ಹೊದಿಕೆ ಹಾಕಿದರೆ ಸಾಕು. ಆದರೆ ಈ ಎರಡನೆಯದು ಆರು ಗಂಟೆಗೆ, ಅಂದರೆ ತಳದಲ್ಲಿ. ತುಕ್ಕು. ನೂರಕ್ಕೆ ಅರವತ್ತೆರಡು ಪಾಲು ಹೋಗಿದೆ. ಪೆಟ್ಟಿಗೆ ಇಟ್ಟ ಜಾಗದಿಂದ ಹಿಂದಕ್ಕೆ ಇನ್ನೂರ ಹತ್ತು ಮೀಟರ್.

"ಅಲ್ಲಿ ಏನಿದೆ?" ಎಂದಳು.

ಮುನಿಯಪ್ಪ ಮನಸ್ಸಿನಲ್ಲೇ ಹೆಜ್ಜೆ ಹಾಕಿ ನೋಡಿದ. ಇನ್ನೊಮ್ಮೆ ಹಾಕಿದ.

"ನನ್ನ ಊಟದ ಜಾಗ," ಎಂದ.

ಎರಡು ದಿನದ ಮೇಲೆ ಎಣ್ಣೆಯ ಒತ್ತಡ ಇಳಿಸಿ ಹೊಂಗೆ ಮರದ ಪಕ್ಕ ಅಗೆದರು. ಮೇಲಿನ ಮಣ್ಣಿಗೆ ಯಂತ್ರ, ಕೊಳವೆ ಹತ್ತಿರ ಬಂದ ಮೇಲೆ ಬರೀ ಕೈಗುದ್ದಲಿ. ಮೇಲಿನಿಂದ ನೋಡಿದರೆ ಕೊಳವೆ ನಿನ್ನೆ ಹೂತಿಟ್ಟಷ್ಟು ಚೆನ್ನಾಗಿತ್ತು. ತಳದ ಮಣ್ಣು ಬಗೆದಾಗ ಅಡಿಯಲ್ಲಿ ಒಂದು ಬಂಡೆಗಲ್ಲಿನ ಚೂಪು ಕಂಡಿತು. ಹೂಳುವಾಗ ಯಾರೋ ಮೆತ್ತನೆ ಮಣ್ಣು ಹಾಸದೆ ಕಲ್ಲಿನ ಮೇಲೇ ಕೊಳವೆ ಮಲಗಿಸಿ ಹೋಗಿದ್ದರು. ಹೊದಿಕೆ ಸವೆದು, ನೀರು ನಿಂತು, ಉಕ್ಕು ಹಕ್ಕಳೆಯಾಗಿತ್ತು. ಪ್ರತಿಮಾ ಅದನ್ನು ಉಜ್ಜಿಸಿ, ಲೋಳೆಯಂಥ ದ್ರವ ಹಚ್ಚಿ, ದಪ್ಪ ಅಳೆಯುವ ಉಪಕರಣವನ್ನು ಒತ್ತಿ ಹಿಡಿದಳು. ಆರು ಮಿಲಿಮೀಟರಿಗೂ ಮಿಕ್ಕಿದ್ದ ಗೋಡೆ ಎರಡೂವರೆಗೆ ಇಳಿದಿತ್ತು.

"ಇನ್ನೊಂದೆರಡು ಮಳೆಗಾಲ," ಎಂದಳು, ಅಷ್ಟೇ.

ಮುನಿಯಪ್ಪ ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಆರು ವರ್ಷ ಈ ಜಾಗದಲ್ಲಿ ಕೂತು ಮುದ್ದೆ ತಿಂದಿದ್ದ. ಊಟವಾದ ಮೇಲೆ ಇಲ್ಲೇ ಬೀಡಿ ಹಚ್ಚಿದ್ದ. ಗೀರಿನ ಮೇಲಿನ ಗುಂಡುಕಲ್ಲಿನ ಹತ್ತಿರ ಮಾತ್ರ ಚಪ್ಪಲಿ ಬಿಟ್ಟು ನಡೆದಿದ್ದ.

ಎರಡು ಅರ್ಧದ ಉಕ್ಕಿನ ಕವಚ ಮಾಡಿ, ಕೊಳವೆಯನ್ನು ನಡುವೆ ಹಿಡಿದು ವೆಲ್ಡಿಂಗ್ ಮಾಡಿದರು. ಬಂಡೆ ಒಡೆದು ತೆಗೆದು ಮಣ್ಣು ಹಾಸಿದರು. ಆಮೇಲೆ ಗೀರಿನ ಕಡೆಗೆ ಬಂದರೆ ಕಲ್ಲಿನ ಮುಂದೆ ಮುನಿಯಮ್ಮ ಕೂತಿದ್ದಳು.

"ದೇವ್ರನ್ನ ಎಬ್ಬಿಸ್ಬ್ಯಾಡಿ ಕಣವ್ವ. ದೀಪಾನೂ ಒಲ್ಲದ ಉಗ್ರದ ದೇವ್ರು ಇದು."

"ದೀಪ ಬೇಡ ಅಂತ ಯಾರು ಹೇಳಿದ್ದು ಅಜ್ಜಿ?"

ಮುದುಕಿ ಮುನಿಯಪ್ಪನ ಕಡೆ ಕೈ ತೋರಿಸಿದಳು. ಪ್ರತಿಮಾ ಅವನನ್ನು ಒಮ್ಮೆ ನೋಡಿ, "ಸರಿಯಾಗೇ ಹೇಳಿದಾರೆ" ಎಂದಳು. ಚಪ್ಪಲಿ ಬಿಟ್ಟು ಕಲ್ಲಿಗೆ ಕೈಮುಗಿದು, ಬದುವಿನಾಚೆಯ ಹುಣಿಸೆ ಮರದ ಬುಡಕ್ಕೆ ಅದನ್ನು ತಾನೇ ಒಂದು ಕೈ ಹಿಡಿದು ಸಾಗಿಸಿದಳು. ಅಲ್ಲಿ ದೀಪ ಹಚ್ಚಬಹುದೆಂದು ಮುನಿಯಪ್ಪ ಹೇಳಬೇಕಾಯಿತು. ಕೋಪ ಇಳಿದಿದೆ ಎಂದ. ಮುನಿಯಮ್ಮನಿಗೆ ಸಂತೋಷವಾಯಿತು.

ಕಂಪನಿಯವರು ಮುನಿಯಪ್ಪನನ್ನು ಆರು ತಿಂಗಳು ಲೈನಿನಿಂದ ತೆಗೆದು ವಾಲ್ವ್ ಸ್ಟೇಷನ್ನಿನಲ್ಲಿ ಹುಲ್ಲು ಕೊಯ್ಯಲು ಹಾಕಿದರು. ಕೆಲಸವೇ ಹೋಗಬೇಕಿತ್ತು. 'ಕೇಳುವ ಮೊದಲೇ ತಾನಾಗಿ ಹೇಳಿದ್ದಾನೆ' ಎಂದು ಪ್ರತಿಮಾ ವರದಿಯಲ್ಲಿ ಬರೆದಿದ್ದಳು. ಲೆಕ್ಕಕ್ಕೆ ಅದು ನಿಜವೇ ಆಗಿತ್ತು. ಜಯಕುಮಾರನಿಗೆ ನೋಟಿಸು ಬಂತು. ಪೊಲೀಸ್ ಸ್ಟೇಷನ್ನಿಗೆ ಎರಡು ಸಲ ಅಲೆದು, ಮುಚ್ಚಳಿಕೆ ಬರೆದುಕೊಟ್ಟು ಬಂದ. ಜೆಸಿಬಿಯನ್ನು ಯಾರೂ ಎಳೆದೊಯ್ಯಲಿಲ್ಲ. ಅಕ್ಕನ ಮನೆಗೆ ಬರುವುದನ್ನು ಮಾತ್ರ ನಿಲ್ಲಿಸಿದ. ಗೌರಿ ಹಬ್ಬಕ್ಕೆ ಅವನು ಕಳಿಸುವ ಬಾಗಿನ ಆ ವರ್ಷ ಬರಲಿಲ್ಲ. ಚಿಕ್ಕಲಕ್ಷ್ಮಮ್ಮ ಹಬ್ಬದ ದಿನ ಬಾಗಿಲ ಕಡೆ ಮೂರು ಸಲ ನೋಡಿದಳು.

ಲೈನಿಗೆ ಮರಳಿದ ಮುನಿಯಪ್ಪ ಕಂಡದ್ದನ್ನೆಲ್ಲ ಬರೆಯತೊಡಗಿದ. ಒಂದೇ ತಿಂಗಳಲ್ಲಿ ನಲವತ್ತೊಂದು ವರದಿ. ಹೊಸ ಹುತ್ತ. ಕಟ್ಟಿದ ಕರು. ಹೆಸರು ತಿಳಿಯದ ಬಳ್ಳಿ. ಪ್ರತಿಮಾ ಫೋನ್ ಮಾಡಿದಳು.

"ಮುನಿಯಪ್ಪನವರೇ, ಹುತ್ತದ ವಿಚಾರ ಬರೀಬೇಕಾಗಿಲ್ಲ."

"ಆಯ್ತು ಮೇಡಂ. ದಿನಾ ಬೆಳೀತೈತೆ, ಅದ್ಕೆ ತಿಳುಸ್ದೆ."

2008ರ ಅಕ್ಟೋಬರಿನಲ್ಲಿ ಮೂರು ದಿನ ಬಿಡದೆ ಮಳೆ ಸುರಿದು ಹಳ್ಳ ದಂಡೆಯನ್ನು ಕೊಚ್ಚಿಕೊಂಡು ಹೋಯಿತು. ಬೆಳಿಗ್ಗೆ ಮುನಿಯಪ್ಪ ಸೇತುವೆಯ ಹತ್ತಿರ ಬಂದಾಗ ಕೊಳವೆ ಎರಡಾಳುದ್ದ ಬತ್ತಲೆಯಾಗಿ, ಕೆಳಗೆ ನೀರು ಹರಿಯುತ್ತಿತ್ತು. ಮೇಲಿನಿಂದ ಮರದ ದಿಮ್ಮಿಗಳು ತೇಲಿ ಬರುತ್ತಿದ್ದವು. ಫೋನ್ ಮಾಡಿದ. ತಂಡ ಬರಲು ಮೂರು ಗಂಟೆ ಬೇಕು, ಅಷ್ಟರಲ್ಲಿ ಎಣ್ಣೆ ನಿಲ್ಲಿಸುತ್ತೇವೆ ಎಂದರು. ಅವನು ದಂಡೆಯ ಕಡೆ ಸೊಂಟದುದ್ದ ನೀರಿಗಿಳಿದು, ದಿಮ್ಮಿಗಳನ್ನು ಕೋಲಿನಿಂದ ಆಚೆ ದೂಡುತ್ತ ನಿಂತ.

ಎಷ್ಟೋ ಹೊತ್ತಿನ ಮೇಲೆ ಟ್ರ್ಯಾಕ್ಟರಿನ ಸದ್ದು ಕೇಳಿತು. ಜಯಕುಮಾರ್ ಮಣ್ಣು ತುಂಬಿದ ಗೋಣಿಚೀಲಗಳನ್ನು ಹೇರಿಕೊಂಡು ಬಂದಿದ್ದ. ಮುನಿಯಪ್ಪ ಅವನನ್ನು ಕರೆದಿರಲಿಲ್ಲ. ಹೇಳಿ ಕಳಿಸಿದ್ದು ಯಾರೆಂದು ಊಹಿಸುವುದೇನೂ ಕಷ್ಟವಿರಲಿಲ್ಲ. ಭಾಮೈದ ಚೀಲ ಇಳಿಸಿದ. ಮುನಿಯಪ್ಪ ಅವನ್ನು ಕೊಳವೆಯ ಮೇಲುಗಡೆ ಸಾಲಾಗಿ ಅಡಕಿದ. ಅರವತ್ತು ಚೀಲ ಆಗುವವರೆಗೆ ಇಬ್ಬರೂ ಒಂದು ಮಾತೂ ಆಡಲಿಲ್ಲ. ಕಂಪನಿಯ ಜೀಪು ದೂರದಲ್ಲಿ ಕಾಣಿಸಿದಾಗ ಜಯಕುಮಾರ್ ದಂಡೆಯ ಮೇಲೆ ಕೂತು ಕಾಲಿನ ಕೆಸರು ತೆಗೆಯುತ್ತ ಕೇಳಿದ:

"ಊಟ ಆಯ್ತಾ ಭಾವ?"

"ಎಲ್ಲಾಯ್ತು? ಬೆಳಗಿಂದ ನೀರಲ್ಲೇ ಇವ್ನಿ."

"ನಡಿ ಮತ್ತೆ. ಅಕ್ಕ ಸಾರು ಮಾಡವ್ಳೆ."